ಶಿವಪ್ಪನವರ ಆರೈಕೆ, ನನ್ನ ಹೊಗಳಿಕೆ

2022ರಲ್ಲಿ ನಾನು ಪುಣೆಯ ಹಡಪಸರದಲ್ಲಿ ಮನೆಮನೆಗೆ ಹೋಗಿ ಚಿಕಿತ್ಸೆ ಕೊಡುವ ಫಿಸಿಯೊಥೆರಪಿಸ್ಟ್ ಆಗಿದ್ದೆ. ಹದಿನೆಂಟು ವರ್ಷದ ಅನುಭವವಿತ್ತು, ಅದರ ಜಂಬವೂ ಇತ್ತು.

ನನ್ನ ರೋಗಿ ನೀಲವ್ವನವರಿಗೆ ಆಗ ಎಪ್ಪತ್ತಾರು ವರ್ಷ. ನ್ಯುಮೋನಿಯಾದಿಂದ ಎದ್ದು ತೀರ ಸೊರಗಿದ್ದರು. ಮಗ, ಸೊಸೆ ಬೆಳಿಗ್ಗೆಯೇ ಕೆಲಸಕ್ಕೆ ಹೋಗುತ್ತಿದ್ದರಿಂದ ಆರೈಕೆಯೆಲ್ಲ ಗಂಡ ಶಿವಪ್ಪನವರದು. ಬಟ್ಟೆ ಅಂಗಡಿಯ ಗುಮಾಸ್ತರಾಗಿ ನಿವೃತ್ತರಾದ ಅವರು ಅಲ್ಲಿಯವರೆಗೆ ಒಂದು ಕಪ್ ಚಹಾ ಕಾಸಿದವರಲ್ಲ.

ಮೊದಲ ದಿನ ‘ಟಿಯುಜಿ’ ಪರೀಕ್ಷೆ ಮಾಡಿದೆ. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಹೊತ್ತು ಬೇಕೆಂದು ಅಳೆಯುವುದು. ಇಪ್ಪತ್ತೆರಡು ಸೆಕೆಂಡ್ ಹಿಡಿಯಿತು. ನಿಧಾನವೇ, ಆದರೂ ಗೋಡೆ ಹಿಡಿದು ಬಚ್ಚಲಿಗೂ ಅಡುಗೆಮನೆಗೂ ಒಬ್ಬರೇ ಹೋಗುತ್ತಿದ್ದರು. ಅಷ್ಟನ್ನು ಉಳಿಸಿಕೊಡುವುದೇ ನನ್ನ ಕೆಲಸವಾಗಿತ್ತು.

ವಾರಕ್ಕೆರಡು ಸಲ ಅರ್ಧ ಗಂಟೆ ವ್ಯಾಯಾಮ ಮಾಡಿಸುತ್ತಿದ್ದೆ. ಒಂದು ದಿನ ಹೋದಾಗ ಶಿವಪ್ಪನವರು ಮೊಣಕೈವರೆಗೆ ಹಿಟ್ಟು ಮಾಡಿಕೊಂಡು ಜೋಳದ ರೊಟ್ಟಿ ಬಡಿಯುತ್ತಿದ್ದರು. ನೀಲವ್ವನವರು ಬಾಗಿಲಲ್ಲಿ ನಿಂತು, “ಹಿಟ್ಟು ಭಾಳ ಗಟ್ಟಿ ಆಗೇದ್ರಿ. ಅತ್ತ ಸರೀರಿ, ನಾ ಬಡೀತೀನಿ,” ಎಂದರು. ನಾನು ಅವರ ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿದೆ.

“ಇಂಥಾ ಗಂಡ ಸಿಗೂದು ಪುಣ್ಯ, ನೀಲವ್ವಾರ. ಆರಾಮ ಕುಂತು ಉಣ್ರಿ.”

ಶಿವಪ್ಪನವರ ಮುಖ ಅರಳಿತು. ಒಂದು ರೊಟ್ಟಿ ನಾನೂ ತಿಂದೆ.

ಆಮೇಲೆ ನೀರು, ಔಷಧಿ, ತಟ್ಟೆ, ಬಾಚಣಿಗೆ ಎಲ್ಲವೂ ಕುರ್ಚಿಗೇ ಬರತೊಡಗಿದವು. ನನ್ನ ಅರ್ಧ ಗಂಟೆ ಬಿಟ್ಟರೆ ಆ ಕಾಲುಗಳಿಗೆ ದಿನವಿಡೀ ಕೆಲಸವೇ ಇರಲಿಲ್ಲ. ಇದನ್ನು ಕಂಡೂ ನಾನು ಹೋದಾಗಲೆಲ್ಲ ಶಿವಪ್ಪನವರನ್ನು ಹೊಗಳಿದೆ.

ಮೂರನೇ ತಿಂಗಳು ಮತ್ತೆ ಪರೀಕ್ಷೆ. ನೀಲವ್ವನವರು ಕುರ್ಚಿಯಿಂದ ಏಳಲು ಎರಡು ಸಲ ಹೆಣಗಿದರು, ಆಗಲಿಲ್ಲ. “ಎದ್ದು ಓಡಾಡ್ತೀನಿ ಅಂತ ನೀವರ ಹೇಳಬಾರದಿತ್ತೇನ್ರಿ?” ಎಂದೆ. ತಪ್ಪನ್ನು ಅವರ ಮೇಲೆ ಹಾಕಲು ನೋಡಿದ್ದೆ, ನಾಚಿಕೆಯಿಲ್ಲದೆ.

ಅವರು ದನಿ ತಗ್ಗಿಸಿದರು. “ಐವತ್ತು ವರ್ಷದಾಗ ಮೊದಲನೇ ಸಲ ಮಾಡಿ ಹಾಕಾಕತ್ತಾರ. ಹೆಂಗ ಬ್ಯಾಡ ಅನ್ಲಿ? ನೀವೂ ಕುಂದ್ರಿ ಅಂದ್ರಿ.”

ಅಷ್ಟರಲ್ಲಿ ಶಿವಪ್ಪನವರು ಕೈ ಒರೆಸುತ್ತ ಬಂದರು. “ಮೇಡಂ, ನನ್ನ ಕಡೆಯಿಂದ ಏನರ ಕಮ್ಮಿ ಆತೇನ್ರಿ?”

“ವಯಸ್ಸಾತಲ್ರಿ ಕಾಕಾ,” ಎಂದುಬಿಟ್ಟೆ.

ಕೂತು ಕೂತೇ ಕಾಲಿನ ಬಲ ಹೋಯಿತೆಂಬ ನಿಜ ಹೇಳಲು ನನಗೆ ಇನ್ನೂ ಹದಿನೈದು ದಿನ ಬೇಕಾಯಿತು. ಆ ಹದಿನೈದು ದಿನ ಅವರು ಹೆಂಡತಿಯನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ತಿರುಗಿದರು. ಕೊನೆಗೆ ಹೇಳಿದಾಗ, “ಅಂದ್ರ ಆಕಿ ಕಾಲು ನಾನ ಕಳದ್ನೇನ್ರಿ?” ಎಂದರು.

“ಇಬ್ರೂ ಕೂಡಿ, ಕಾಕಾ. ನಂದ ಹೆಚ್ಚು.”

ಮತ್ತೆ ಶುರುಮಾಡಿದೆವು. ಆಸರೆ ಕೊಟ್ಟರೆ ನೀಲವ್ವನವರು ಏಳುತ್ತಿದ್ದರು, ಆದರೆ ಒಬ್ಬರೇ ಬಚ್ಚಲಿಗೆ ಹೋಗುವುದು ಕೊನೆಗೂ ಆಗಲಿಲ್ಲ. ಈಗ ಯಾವ ಮನೆಗೆ ಹೋದರೂ ಆರೈಕೆ ಮಾಡುವವರನ್ನು ಹೊಗಳುವ ಮೊದಲು, ರೋಗಿಯ ಹತ್ತಿರ ಕೂತು, ‘ಇವತ್ತು ನಿಮ್ಮ ಕೈಯಾರೆ ಏನೇನು ಮಾಡಿಕೊಂಡಿರಿ?’ ಎಂದು ಕೇಳುತ್ತೇನೆ. ನೀಲವ್ವನವರನ್ನು ಒಮ್ಮೆಯೂ ಕೇಳಿರಲಿಲ್ಲ.