ಎರಡು ಲಕೋಟೆಯೊಳಗಿನ ಮತ

ರಾಜಗೋಪಾಲನಗರದಲ್ಲಿ ನಾವಿದ್ದ ಬಾಡಿಗೆ ಮನೆಯ ನೀರಿನ ಮೋಟರಿನ ಸ್ವಿಚ್ಚು ಮಾಲೀಕರ ಹಜಾರದಲ್ಲಿತ್ತು. ಹಾಗಾಗಿ ಅವರೊಡನೆ ನಾನು ಯಾವತ್ತೂ ನಗುನಗುತ್ತಲೇ ಮಾತಾಡುತ್ತಿದ್ದೆ. ಆ ಸಲದ ವಿಧಾನಸಭೆ ಚುನಾವಣೆಗೆ ಅವರ ಭಾಮೈದನೇ ನಿಂತ. ಸರ್ಕಾರಿ ಹೈಸ್ಕೂಲಿನ ಟೀಚರಾದ ನನಗೆ ಚುನಾವಣಾ ಕೆಲಸ ಬಿದ್ದದ್ದು ದೂರದ ಆನೇಕಲ್‌ನಲ್ಲಿ. ಹಾಗಾಗಿ ನನ್ನ ಮತವನ್ನು ಅಂಚೆಯಲ್ಲೇ ಕಳಿಸಬೇಕಿತ್ತು.

ಮತಪತ್ರ ಬಂದ ಸಂಜೆ ಮಾಲೀಕರು ಗೇಟಿನ ಬಳಿಯೇ ಕೂತಿದ್ದರು.

"ಓಟಿನ ಕವರ್ ಬಂತಂತಲ್ಲ ಮೇಡಂ. ನಮ್ಮುಡುಗನ್ನ ನೋಡ್ಕಳಿ. ಪೋಸ್ಟ್ ಓಟಲ್ಲಿ ನಂಬರ್ ಇರ್ತದೆ. ಯಾರ್ ಯಾರಿಗಾಕಿದ್ರು ಅಂತ ಎಣಿಸೋವಾಗ ಗೊತ್ತಾಗ್ಬಿಡ್ತದೆ."

ಕೋಣೆಯ ಬಾಗಿಲು ಹಾಕಿಕೊಂಡು ಸೂಚನೆಗಳನ್ನು ಓದಿದೆ. ಗುರುತು ಹಾಕಿದ ಮತಪತ್ರವನ್ನು ಸಣ್ಣ ಲಕೋಟೆಯಲ್ಲಿಟ್ಟು ಅಂಟಿಸಬೇಕು. ನನ್ನ ಹೆಸರು ಮತ್ತು ಮತಪತ್ರದ ನಂಬರಿರುವ ಬೇರೊಂದು ಕಾಗದಕ್ಕೆ ಗೆಜೆಟೆಡ್ ಅಧಿಕಾರಿಯ ಮುಂದೆ ಸಹಿ ಮಾಡಬೇಕು. ಎರಡನ್ನೂ ದೊಡ್ಡ ಲಕೋಟೆಗೆ ಹಾಕಬೇಕು. ಎಣಿಸುವವರು ಹೆಸರಿನ ಕಾಗದವನ್ನು ಬದಿಗಿಟ್ಟು ಆಮೇಲೆ ಸಣ್ಣ ಲಕೋಟೆ ಒಡೆಯುತ್ತಾರಂತೆ. ಬದಿಗಿಟ್ಟದ್ದನ್ನು ಯಾರೂ ಮತ್ತೆ ತೆಗೆದು ನೋಡುವುದಿಲ್ಲ ಎಂದು ಹೇಗೆ ನಂಬಲಿ? ತರಕಾರಿಯವನ ತಕ್ಕಡಿಯ ತಳವನ್ನೂ ಬಗ್ಗಿ ನೋಡುವವಳು ನಾನು. ಮಾಲೀಕರಿಗೆ ಗೊತ್ತಾದರೆ ಮೊದಲು ನೀರು ಹೋಗುತ್ತದೆ, ಆಮೇಲೆ ಮನೆ. ಭಯವಾಯಿತು. ಆದರೂ ಎದುರಾಳಿಗೇ ಗುರುತು ಹಾಕಿ, ಎರಡೆರಡು ಸಲ ಗೋಂದು ಸವರಿ ಅಂಟಿಸಿದೆ.

ನಮ್ಮ ಶಾಲೆಯಲ್ಲಿ ಗೆಜೆಟೆಡ್ ಅಧಿಕಾರಿ ಎಂದರೆ ಹೆಡ್‌ಮಾಸ್ಟರೇ. ಎಲ್ಲರ ಲಕೋಟೆಗಳನ್ನೂ ಅವರೇ ಒಟ್ಟು ಮಾಡಿ ಕಳಿಸುವುದು ರೂಢಿಯಾಗಿತ್ತು. ಇದೇ ಹೆಡ್‌ಮಾಸ್ಟರು ನಮ್ಮ ಮಾಲೀಕರ ಜೊತೆ ಬೇಕರಿಯಲ್ಲಿ ಟೀ ಕುಡಿಯುವುದನ್ನು ನಾನು ಕಂಡಿದ್ದೆ.

"ಓಪನ್ ಆಗೇ ಇಟ್ಟೋಗಿ ಮೇಡಂ, ಕೊನೇಲಿ ನಾನೇ ಅಂಟಿಸ್ತೀನಿ" ಎಂದರು ಹೆಡ್‌ಮಾಸ್ಟರು.

"ಒಳಗಿನ ಕವರ್ ಮನೇಲೇ ಅಂಟಿಸ್ಬಿಟ್ಟೆ ಸಾರ್. ಇದನ್ನೂ ನಾನೇ ಪೋಸ್ಟ್ ಮಾಡ್ತೀನಿ."

"ನನ್ ಮೇಲೂ ಅನುಮಾನಾನಾ?"

"ಹೂಂ ಸಾರ್" ಎಂದುಬಿಟ್ಟೆ.

ಅವರು ಮುಖ ಸಿಂಡರಿಸಿಕೊಂಡೇ ದೃಢೀಕರಿಸಿ ಕೊಟ್ಟರು. ಅವರೆದುರೇ ದೊಡ್ಡ ಲಕೋಟೆಯನ್ನೂ ಅಂಟಿಸಿ, ಬಸ್ಸು ಹತ್ತಿ ನಾಗಸಂದ್ರದ ಕಡೆಯ ಅಂಚೆ ಡಬ್ಬಿಗೆ ಹಾಕಿದೆ. ನಮ್ಮ ಬೀದಿಯ ಡಬ್ಬಿಯ ಮೇಲೂ ನನಗೆ ನಂಬಿಕೆ ಇರಲಿಲ್ಲ.

ಅಲ್ಲಿಂದ ಎಣಿಕೆಯವರೆಗೆ ನಲ್ಲಿ ಸಣ್ಣಗೆ ಬಂದಾಗಲೆಲ್ಲ ಸಿಕ್ಕ ಪಾತ್ರೆಗೆಲ್ಲ ನೀರು ತುಂಬಿಟ್ಟುಕೊಳ್ಳುತ್ತಿದ್ದೆ. ಕೊನೆಗೆ ಭಾಮೈದ ಗೆದ್ದ. ಮರುದಿನ ಮಾಲೀಕರು ಮೈಸೂರುಪಾಕಿನ ಡಬ್ಬ ಹಿಡಿದು ಮೆಟ್ಟಿಲು ಹತ್ತಿ ಬಂದರು. ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ.

"ನಂಬರ್ ನೋಡ್ಸಿದ್ವಿ ಮೇಡಂ" ಎಂದರು. "ನಿಮ್ ಓಟು ನಮಗೇ ಬಿದ್ದೈತೆ. ಮರೆಯಾಕಿಲ್ಲ ನಾವು."

ಅವರು ಏನನ್ನೂ ನೋಡಿರಲಿಲ್ಲ. ನೋಡಲು ಆಗಿಯೇ ಇರಲಿಲ್ಲ. ಒಂದು ತುಂಡು ಬಾಯಿಗೆ ಹಾಕಿಕೊಂಡು, ಸಾವಕಾಶವಾಗಿ ಅಗಿದು ಹೇಳಿದೆ:

"ಹಂಗಿದ್ರೆ ಸ್ವಲ್ಪ ಮೋಟರ್ ಹಾಕ್ಸಿ ಅಣ್ಣ. ಬೆಳಿಗ್ಗೆಯಿಂದ ನೀರಿಲ್ಲ."