ಆಣೆ ಇಡಲು ಒಬ್ಬ ಕುಡುಕ ಬೇಕು

ಮೈಸೂರಿನ ರೈಲ್ವೆ ಸ್ಟೇಷನ್ ಮುಂದೆ ಜಟಕಾ ಓಡಿಸುತ್ತಿದ್ದ ಮಹದೇವು ಕುಡಿತ ಬಿಡುವುದರಲ್ಲಿ ನಿಸ್ಸೀಮ. ಐವತ್ತರ ದಶಕದಲ್ಲಿ ಬಡಾವಣೆಗೊಂದು ಪಾನವಿರೋಧಿ ಸಮಿತಿ. ಮಿತಿ ಮಾತ್ರ ಯಾವುದಕ್ಕೂ ಇರಲಿಲ್ಲ. ಒಂದರ ಮುಖ ಇನ್ನೊಂದು ನೋಡುತ್ತಿರಲಿಲ್ಲ. ಹಾಗಾಗಿ ಮಹದೇವು ಎಲ್ಲ ವೇದಿಕೆಗಳಲ್ಲೂ ಕರ್ಪೂರ ಹಚ್ಚಿ ಹೊಸದಾಗಿ ಆಣೆ ಇಡುತ್ತಿದ್ದ. ಸಮಿತಿಯವರು ಹಾರ ಹಾಕಿ ಹೊದಿಸಿದ ಪಂಚೆಯನ್ನು ಸೀದಾ ಹೆಂಡದಂಗಡಿಗೆ ಕೊಟ್ಟು ಕುಡಿಯುತ್ತಿದ್ದ.

ಹೆಂಡತಿ ಶಿವನಂಜಮ್ಮನಿಗೆ ಗಂಡನ ಮೇಲೆ ಎಷ್ಟು ತಾತ್ಸಾರವೋ ಹಾರ ಹಾಕುವವರ ಮೇಲೆ ಅದರ ಇಮ್ಮಡಿ. ಯಾದವಗಿರಿ ಸಮಿತಿಯ ಅಧ್ಯಕ್ಷ ವೆಂಕಟಸುಬ್ಬಯ್ಯನವರು ಚಟಗಳನ್ನು ಖಂಡಿಸುತ್ತಲೇ ನಶ್ಯ ಏರಿಸಿ ಸೀನುತ್ತಿದ್ದರು. ಜನ ಸೀನಿಗೂ ಚಪ್ಪಾಳೆ ತಟ್ಟುತ್ತಿದ್ದರು.

ಪಂಚೆಗಳು ಮುಗಿದು ಕುದುರೆಯ ಸರದಿ ಬಂತು. ಹೆಂಡದಂಗಡಿಯವನು ಬಂದು ಅದರ ಹಲ್ಲು ನೋಡಿಹೋದ. ಕುದುರೆ ಹೋದರೆ ಒಲೆ ಆರಿದಂತೆಯೇ. ಶಿವನಂಜಮ್ಮ ಜಟಕಾ ಸ್ಟ್ಯಾಂಡಿನ ಹಿರಿಯ ಕೆಂಪಯ್ಯನ ಮುಂದೆ ನಿಂತಳು.

"ನನ್ ಗಂಡನ್ನ ಸರಿಮಾಡಿ ಅನ್ನಕ್ಕೆ ಬಂದಿಲ್ಲ ಕಣಣ್ಣ, ಅದು ಸರಿಯಾಗೋ ಗಿರಾಕಿಯಲ್ಲ. ಮೊನ್ನೆ ಗಾಡೀನ ಚರಂಡಿಗೆ ಇಳಿಸ್ತಲ್ಲ, ಆವತ್ತಿಂದ ನಿಮ್ ಗಾಡೀನೂ ಸವಾರಿ ಅಂತ ಯಾರಾದ್ರೂ ಅತ್ತವ್ರಾ?"

"ಕುಡಿಯೋನು ಅವನೊಬ್ನೇನಮ್ಮ ಇಲ್ಲಿ?"

"ಅದಕ್ಕೇ ಎಲ್ರಿಗೂ ಸೇರ್ಸಿ ಒಂದೇ ಕಟ್ಟುಪಾಡು ಮಾಡಿ."

ಗಾಡಿಯವರು, ಅವರ ಹೆಂಡಿರು, ಲಾಳ ಕಟ್ಟುವವನು, ಹುಲ್ಲು ಮಾರುವ ಬೋರಮ್ಮ, ಎಲ್ಲರೂ ಸೇರಿ ಒಪ್ಪಿದರು: ಬಾಯಿ ನಾರಿದವನ ಗಾಡಿ ಸಾಲಿನ ಕೊನೆಗೆ. ಆಣೆಯಿಲ್ಲ, ಹಾರವಿಲ್ಲ. ಹುಲ್ಲು ಕೊಡುವ ಮುಂಚೆ ಬೋರಮ್ಮ "ಊದು" ಎನ್ನುವಳು. ಮಹದೇವು ಲವಂಗ ಅಗಿದು ಬಂದು ಅವಳ ಮುಂದೆ ಊದಿದ.

"ಏನ್ಲಾ ಘಮಘಮ ಅಂತೀಯ, ಮದ್ವೆಗೆ ಒಂಟ್ಯಾ? ಇಂದಕ್ಕೋಗು!"

ಆಣೆ ಇಡುತ್ತೇನೆಂದು ಅಂಗಲಾಚಿದ. ಯಾರಿಗೂ ಅದು ಬೇಕಿರಲಿಲ್ಲ. ರೈಲುಗಳು ಬಂದವು, ಸವಾರಿಗಳೆಲ್ಲ ಮುಂದಿನ ಗಾಡಿಗಳನ್ನು ಹತ್ತಿದರು, ಇವನು ಕಡೆಯಲ್ಲಿ ನೊಣ ಹೊಡೆದ. ಜೊತೆಗೆ ಕುಡಿಯುತ್ತಿದ್ದವರೂ ಒಬ್ಬೊಬ್ಬರೇ ಚಟ ಬಿಟ್ಟು ಸಾಲಿನಲ್ಲಿ ಮುಂದಕ್ಕೆ ಸರಿದರು. ಆ ವರ್ಷ ಕಳೆಯುವುದರೊಳಗೆ ಅವನು ಕುಡಿತ ಬಿಟ್ಟ ಎನ್ನುವುದಕ್ಕಿಂತ ಕುಡಿತವೇ ಬೇಸತ್ತು ಅವನನ್ನು ಬಿಟ್ಟಿತು. ಕುದುರೆ ಕೊಟ್ಟಿಗೆಯಲ್ಲೇ ಉಳಿಯಿತು.

ಸಮಿತಿಯ ವಾರ್ಷಿಕ ಸಭೆಯ ಬೆಳಿಗ್ಗೆ ವೆಂಕಟಸುಬ್ಬಯ್ಯನವರು ಹಾರ ಹಿಡಿದು ಬಾಗಿಲಿಗೇ ಬಂದರು.

"ಮಹದೇವುನ ಕಳಿಸಮ್ಮ. ಎಲ್ಲಾ ಸಿದ್ಧವಾಗಿದೆ, ಆಣೆ ಇಡೋದಕ್ಕೆ ಒಬ್ಬ ಕುಡುಕನೂ ಸಿಕ್ತಿಲ್ಲ."

ಶಿವನಂಜಮ್ಮ ಕುದುರೆಗೆ ಹುರುಳಿ ಇಡುತ್ತಿದ್ದವಳು ತಿರುಗಲಿಲ್ಲ.

"ಆರ ಇಲ್ಲಿ ಕೊಡಿ ಸ್ವಾಮಿ, ಕುದ್ರೆ ತಿಂತದೆ. ಕುಡುಕ ಬೇಕಾದ್ರೆ ನೀವೇ ಒಸಿ ಕುಡ್ದು, ಆಮೇಲೆ ಬುಟ್ಬುಡಿ."

ಅಧ್ಯಕ್ಷರು ನಶ್ಯ ಏರಿಸಿ ಸೀನಿದರು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಕುದುರೆ ಮಾತ್ರ ಹಾರದ ಕಡೆ ಕತ್ತು ಚಾಚಿತು.