ಸರಸ್ವತಿಗೆ ಓದಿ ಹೇಳಿದ ಕತೆ

ಅರವತ್ತರ ದಶಕದಲ್ಲಿ ಮಕ್ಕಳ ಪುಸ್ತಕ ಮಾರುತ್ತಾ ಹೊಸನಗರದ ಕಡೆ ಸುತ್ತುತ್ತಿದ್ದೆ. ನವರಾತ್ರಿಯಲ್ಲಿ ನಾನು ಉಳಿದುಕೊಂಡಿದ್ದ ಮನೆಯ ಅಜ್ಜಿ, ನನ್ನ ಪುಸ್ತಕಗಳನ್ನೂ ಸರಸ್ವತಿ ಪೂಜೆಗೆ ಇಟ್ಟುಬಿಟ್ಟರು. ಅರ್ಧ ಕತೆ ಓದಿದ್ದ ಮೊಮ್ಮಗಳು ಅಳತೊಡಗಿದಳು.

"ಪೂಜೆಗಿಟ್ಟ ಪುಸ್ತಕ ಓದ್ಬಾರ್ದು ಮಾರಾಯ್ತಿ. ವಿಜಯದಶಮಿವರೆಗೆ ತಡ್ಕೋ," ಅಂದರು ಅಜ್ಜಿ.

"ಅಲ್ಲಿವರೆಗೂ ಆನೆಮರಿ ಹೊಂಡದಲ್ಲೇ ಇರ್ಬೇಕಾ ಅಜ್ಜಿ?"

ಅಜ್ಜಿ ಒಮ್ಮೆ ದೇವಿಯ ಪಟ ನೋಡಿದರು, ಒಮ್ಮೆ ನನ್ನನ್ನು. "ನೀನು ಓದ್ಕೋಬೇಡ. ದೇವಿಗೆ ಓದಿ ಹೇಳು, ಅದು ಸೇವೆ," ಎಂದು ಮೊಮ್ಮಗಳಿಗೆ ಪುಸ್ತಕ ತೆಗೆದುಕೊಟ್ಟರು.

ಹುಡುಗಿ ದೀಪದ ಮುಂದೆ ಕೂತು ಗಟ್ಟಿಯಾಗಿ ಓದಿದಳು. ನನ್ನ ಪುಸ್ತಕಕ್ಕೆ ಅಂಥ ಮರ್ಯಾದೆ ಮತ್ತೆಲ್ಲೂ ಸಿಗಲಿಲ್ಲ. ಆ ಅಜ್ಜಿಯನ್ನು ಇವತ್ತಿಗೂ ನೆನೆಯುತ್ತೇನೆ. ದೇವಿಗೆ ಎಷ್ಟು ಕೇಳಿಸಿತೋ ಗೊತ್ತಿಲ್ಲ. ಹುಡುಗಿ ಪುಟ ತಿರುಗಿಸುವಾಗಲೆಲ್ಲ "ಆಮೇಲೆ?" ಅನ್ನುತ್ತಿದ್ದದ್ದು ಮಾತ್ರ ಅಜ್ಜಿಯೇ.